ಹಳೆಯ ಡೀಸೆಲ್ ಮೋಟಾರುಗಳ ಹೊಗೆಯ ದುರ್ವಾಸನೆ: ಅದರ ಕಾರಣವೂ ನಿವಾರಣೆಯೂ

ಹಳ್ಳಿಗಾಡಿನ ಹಿಡುವಳಿದಾರರಲ್ಲಿ ಹಳೆಯ ಡೀಸೆಲ್ ಅಂಬಾಸಡರ್ ಕಾರನ್ನೋ ಜೀಪನ್ನೋ ಈಗಲೂ ಇಟ್ಟುಕೊಂಡಿರುವವರು ಉಂಟು. ಅಂಬಾಸಡರ್ ಕಾರಿನ ತಯಾರಿಕೆಯು ೨೦೧೪ರಲ್ಲಿಯೇ ನಿಂತುಹೋಯಿತು. ಆದರೂ ಕೆಟ್ಟ ದಾರಿಯನ್ನು ಸಹಿಸುವ ಗುಣದಿಂದಲೂ, ಊರಿನ ಮೇಸ್ತ್ರಿಯೇ ಬಿಚ್ಚಿ ಜೋಡಿಸಬಹುದಾದ ಸರಳತೆಯಿಂದಲೂ ಇಂತಹ ಬಂಡಿಗಳನ್ನು ಯಜಮಾನರು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಮನೆಮಂದಿಯ ದೂರು ಬಹುಮಟ್ಟಿಗೆ ಒಂದೇ: ಬೆಳಗಿನ ಹೊತ್ತು ಯಂತ್ರವನ್ನು ಹೊರಡಿಸಿದೊಡನೆಯೇ ಕಣ್ಣುರಿಸುವ ಹೊಗೆಯು ಅಂಗಳವನ್ನೆಲ್ಲಾ ತುಂಬುವುದು. ಮೋಟಾರಿನ ಕೊಟ್ಟಿಗೆಯು ದನದ ಕೊಟ್ಟಿಗೆಗೆ ಅಂಟಿಕೊಂಡಿದ್ದರಂತೂ ಕಷ್ಟವು ಇಮ್ಮಡಿಯಾಗುವುದು; ಹಾಲು ಸುತ್ತಲಿನ ವಾಸನೆಯನ್ನು ಬಹುಬೇಗ ಹಿಡಿದುಕೊಳ್ಳುವ ಪದಾರ್ಥವಾಗಿದೆ.

ಇದಕ್ಕೆ ಅನೇಕರು ಮಾಡುವ ಉಪಾಯವೆಂದರೆ ಬಂಡಿಯೊಳಗೆ ಸುಗಂಧದ ಸೀಸೆಯನ್ನು ತೂಗಹಾಕುವುದು, ಇಲ್ಲವೇ ಪೇಟೆಯಲ್ಲಿ ಮಾರುವ ಯಾವುದಾದರೊಂದು ದ್ರವವನ್ನು ಎಣ್ಣೆಯ ತೊಟ್ಟಿಗೆ ಸುರಿಯುವುದು. ಇದು ಹುಣ್ಣನ್ನು ತೊಳೆಯದೆ ಗಂಧವನ್ನು ಹಚ್ಚಿದಂತೆ. ಹೊಗೆಯು ನಾರುವುದು ಯಂತ್ರದ ಸ್ವಭಾವವಲ್ಲ. ಕೊಂಡು ತಂದ ಎಣ್ಣೆಯಲ್ಲಿ ಒಂದು ಪಾಲು ಉರಿಯದೆ ಕೊಳವೆಯಿಂದ ಹೊರಗೆ ಹೋಗುತ್ತಿದೆಯೆಂಬುದರ ಗುರುತು.

ಡೀಸೆಲ್ ಯಂತ್ರದಲ್ಲಿ ಪೆಟ್ರೋಲ್ ಯಂತ್ರದಂತೆ ಕಿಡಿ ಹಾರುವುದಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಬಲವಾಗಿ ಒತ್ತಿದಾಗ ಅದು ಕೆಂಡದಂತೆ ಕಾಯುವುದು. ಆ ಗಾಳಿಯೊಳಕ್ಕೆ ಎಣ್ಣೆಯು ಮಂಜಿನಂತೆ ಸಿಡಿದು ತಾನಾಗಿಯೇ ಹೊತ್ತಿಕೊಳ್ಳುವುದು. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಯಂತ್ರಶಾಸ್ತ್ರಜ್ಞನು ೧೮೯೭ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಸಿದ್ಧಿಗೆ ತಂದ ಯಂತ್ರದ ತತ್ತ್ವವು ಇದೇ. ೧೯೦೦ರ ಪ್ಯಾರಿಸ್ ಪ್ರದರ್ಶನದಲ್ಲಿ ಈ ಬಗೆಯ ಒಂದು ಯಂತ್ರವನ್ನು ಕಡಲೆಕಾಯಿ ಎಣ್ಣೆಯಿಂದಲೇ ನಡೆಸಿ ತೋರಿಸಲಾಯಿತೆಂಬುದು ನಮ್ಮ ಬಯಲುಸೀಮೆಯ ರೈತರಿಗೆ ಸ್ವಾರಸ್ಯವಾಗಿ ತೋರದಿರದು. ಗಾಳಿಯು ಸಾಕಷ್ಟು ಕಾಯದಿದ್ದರೆ, ಅಥವಾ ಎಣ್ಣೆಯು ಮಂಜಾಗದೆ ಹನಿಹನಿಯಾಗಿ ಬಿದ್ದರೆ, ಅಥವಾ ಹೊತ್ತು ಮೀರಿ ಬಿದ್ದರೆ, ಅದು ಅರ್ಧ ಬೆಂದು ಫಾರ್ಮಾಲ್ಡಿಹೈಡ್, ಅಕ್ರೋಲೀನ್ ಮುಂತಾದ ಘಾಟುವಸ್ತುಗಳಾಗುವುದು. ಬಾಣಲೆಯಲ್ಲಿ ಎಣ್ಣೆಯು ಮಿತಿಮೀರಿ ಕಾದು ಹೊಗೆಯೆದ್ದಾಗ ಮೂಗನ್ನು ಹಿಡಿಯುವ ಘಾಟೂ ಈ ಅಕ್ರೋಲೀನಿನದೇ.

ಹಿಂದೆ ಎಣ್ಣೆಯಲ್ಲಿದ್ದ ಗಂಧಕವೂ ದುರ್ವಾಸನೆಗೆ ಕಾರಣವಾಗಿತ್ತು. ಆದರೆ ೨೦೨೦ರ ಏಪ್ರಿಲ್ ೧ರಿಂದ ದೇಶದಾದ್ಯಂತ ಮಾರುವ ಡೀಸೆಲ್‌ನಲ್ಲಿ ಗಂಧಕವು ಹತ್ತು ಲಕ್ಷದಲ್ಲಿ ೧೦ ಭಾಗವನ್ನು ಮೀರಕೂಡದೆಂದು ನಿಯಮವಾಗಿದೆ. ಆದಕಾರಣ ಈಗ ಅಪವಾದವನ್ನು ಬಂಕಿನ ಮೇಲೆ ಹೊರಿಸುವುದು ಸಲ್ಲದು. ಮತ್ತೊಂದು ಮಾತು: ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅರ್ಬುದರೋಗ ಸಂಶೋಧನಾ ಮಂಡಲಿಯು ೨೦೧೨ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಅರ್ಬುದವನ್ನು ಉಂಟುಮಾಡುವ ವಸ್ತುಗಳ ವರ್ಗಕ್ಕೆ ಸೇರಿಸಿತು. ಆದ್ದರಿಂದ ಇದನ್ನು ಬರಿಯ ಮೂಗಿನ ಅಸಹ್ಯವೆಂದು ತಳ್ಳಿಬಿಡಲಾಗದು.

ಮೇಸ್ತ್ರಿಯನ್ನು ಕರೆಯುವುದಕ್ಕೆ ಮೊದಲು ಯಜಮಾನನು ತಾನೇ ಹೊಗೆಯ ಬಣ್ಣವನ್ನು ನೋಡತಕ್ಕದ್ದು. ಬಿಳುಪಾಗಿ ಕಣ್ಣುರಿಸುವ ಹೊಗೆಯು ಉರಿಯದ ಎಣ್ಣೆಯ ಆವಿ. ಕಪ್ಪು ಹೊಗೆಯು ಎಣ್ಣೆ ಹೆಚ್ಚಾಗಿ ಗಾಳಿ ಸಾಲದಾಯಿತೆಂಬುದನ್ನು ತಿಳಿಸುವುದು. ಧೂಳಿನ ದಾರಿಯಲ್ಲಿ ಓಡುವ ಬಂಡಿಯಲ್ಲಿ ಗಾಳಿಯ ಸೋಸುಕವನ್ನು ಶುಚಿಮಾಡುವುದರಿಂದಲೇ ಇದು ಎಷ್ಟೋ ವೇಳೆ ಹೋಗುವುದು. ನೀಲಿ ಹೊಗೆಯು ಕೀಲೆಣ್ಣೆಯು ಸುಡುತ್ತಿರುವುದರ ಚಿಹ್ನೆ; ಇದಕ್ಕೆ ಪಿಸ್ಟನ್ನಿನ ಬಳೆಗಳೋ ಕವಾಟಗಳೋ ಸವೆದಿರಬೇಕು, ಅದು ದೊಡ್ಡ ವೆಚ್ಚದ ಕೆಲಸ. ಯಂತ್ರವು ನಿಂತಿರುವಾಗಲೂ ಹಸಿ ಎಣ್ಣೆಯ ವಾಸನೆ ಬರುತ್ತಿದ್ದರೆ ಅದು ಹೊಗೆಯ ದೋಷವೇ ಅಲ್ಲ. ಎಣ್ಣೆಯನ್ನು ತೊಟ್ಟಿಗೆ ಹಿಂದಿರುಗಿಸುವ ಸಣ್ಣ ರಬ್ಬರ್ ಕೊಳವೆಗಳು ಬಿರಿದು ಜಿನುಗುತ್ತಿರಬಹುದು. ಹೊರಗೆ ಹೊಗೆ ಹದವಾಗಿದ್ದು ಬಂಡಿಯ ಒಳಗೆ ಮಾತ್ರ ನಾರುತ್ತಿದ್ದರೆ ಹೊಗೆಕೊಳವೆಯ ಸಂದುಗಳನ್ನೂ, ಹಿಂಬದಿಯ ಮುಚ್ಚಳದ ರಬ್ಬರ್ ಅಂಚನ್ನೂ ಪರೀಕ್ಷಿಸಬೇಕು. ಓಡುವ ಬಂಡಿಯು ತನ್ನ ಹಿಂದಿನ ಹೊಗೆಯನ್ನು ತಾನೇ ಒಳಕ್ಕೆ ಸೆಳೆದುಕೊಳ್ಳುವುದು. ಬಾಳೆಗೊನೆಗಳನ್ನು ತುಂಬಿ ಹಿಂಬಾಗಿಲನ್ನು ತೆರೆದೇ ಓಡಿಸುವವರು ಇದನ್ನು ಗಮನಿಸತಕ್ಕದ್ದು.

ಬಿಳಿಯ ಹೊಗೆಯೇ ಹೆಚ್ಚಿನ ಉಪದ್ರವವಾದ್ದರಿಂದ ಅದನ್ನು ವಿಸ್ತಾರವಾಗಿ ನೋಡಬೇಕಾಗಿದೆ. ಬೆಳಿಗ್ಗೆ ಮಾತ್ರ ಬಂದು ಎರಡು ಮೂರು ಮೈಲಿ ಹೋದಮೇಲೆ ನಿಲ್ಲುವುದಾದರೆ, ತಣ್ಣಗಿನ ಯಂತ್ರವನ್ನು ಕಾಯಿಸುವ ಗ್ಲೋ ಪ್ಲಗ್ಗುಗಳನ್ನು ಮೊದಲು ಶಂಕಿಸಬೇಕು. ಕೆಲವು ಹಳೆಯ ಯಂತ್ರಗಳಲ್ಲಿ ಇವು ಒಂದರ ಹಿಂದೊಂದು ಸರಪಣಿಯಂತೆ ಜೋಡಿಸಲ್ಪಟ್ಟಿದ್ದು, ಒಂದು ಸುಟ್ಟರೆ ಎಲ್ಲವೂ ಆರಿಹೋಗುವುವು.

ಹೊಗೆಯು ದಿನವೆಲ್ಲಾ ನಿಲ್ಲದಿದ್ದರೆ ಥರ್ಮೋಸ್ಟಾಟನ್ನು ನೋಡಬೇಕು. ಎಂದರೆ, ಅದು ಇದೆಯೋ ಇಲ್ಲವೋ ಎಂಬುದನ್ನು ನೋಡಬೇಕು. ಯಂತ್ರವನ್ನು ತಂಪುಮಾಡುವ ನೀರು ಸುಮಾರು ೮೦ ಡಿಗ್ರಿ ಸೆಂಟಿಗ್ರೇಡಿಗೆ ಕಾಯುವವರೆಗೆ ಅದನ್ನು ತಡೆದು ನಿಲ್ಲಿಸುವ ಪುಟ್ಟ ಕವಾಟವಿದು. ಉಷ್ಣದೇಶದಲ್ಲಿ ಇದು ಬೇಡವೆಂದು ಕಿತ್ತೆಸೆಯುವುದು ಬಹುಕಾಲದಿಂದ ಬಂದ ರೂಢಿ. ನೀರು ಕುದಿಯದಿರಲೆಂಬುದು ಅವರ ಉದ್ದೇಶ. ಆದರೆ ನೀರು ಕುದಿಯುವುದಕ್ಕೆ ರೇಡಿಯೇಟರಿನಲ್ಲಿ ಕಟ್ಟಿದ ಕೆಸರೋ, ಸಡಿಲವಾದ ಬೀಸಣಿಗೆಯ ಪಟ್ಟಿಯೋ ಕಾರಣವಾಗಿರುವುದೇ ಹೆಚ್ಚು. ತಪ್ಪಿಲ್ಲದ ಕವಾಟಕ್ಕೆ ಶಿಕ್ಷೆಯಾಗುತ್ತದೆ. ಅದಿಲ್ಲದ ಯಂತ್ರವು ಸದಾ ತಣ್ಣಗಿದ್ದು, ಎಣ್ಣೆಯನ್ನು ಹೆಚ್ಚು ಕುಡಿದು, ಎಂದೆಂದಿಗೂ ನಾರುತ್ತಿರುವುದು. ಅಲ್ಪ ಬೆಲೆಯ ಈ ಭಾಗವನ್ನು ಮರಳಿ ಹಾಕಿಸುವುದೇ ಎಷ್ಟೋ ಬಂಡಿಗಳಿಗೆ ಸಾಕಾದ ಚಿಕಿತ್ಸೆ.

ಅನಂತರ ಎಣ್ಣೆ ಸಿಡಿಸುವ ಇಂಜೆಕ್ಟರುಗಳು. ಇವುಗಳ ಬಾಯಿ ಸವೆದರೂ ಮಸಿ ಕಟ್ಟಿದರೂ ಎಣ್ಣೆಯು ಮಂಜಾಗದೆ ತೊಟ್ಟಿಕ್ಕುವುದು. ತಾಲ್ಲೂಕು ಪೇಟೆಗಳಲ್ಲಿ ಪಂಪು ದುರಸ್ತಿಮಾಡುವ ಅಂಗಡಿಯವರು ಇವನ್ನು ಕೈಪಂಪಿನ ಯಂತ್ರಕ್ಕೆ ಸಿಕ್ಕಿಸಿ ಒತ್ತಡವನ್ನೂ ಸಿಂಪರಣೆಯ ಆಕಾರವನ್ನೂ ಪರೀಕ್ಷಿಸುವರು. ಯಜಮಾನನು ಆ ವೇಳೆ ಹತ್ತಿರದಲ್ಲಿದ್ದು ನೋಡುವುದು ಯುಕ್ತ. ಆದರೆ ಸಿಂಪರಣೆಗೆ ಎಂದಿಗೂ ಕೈಯೊಡ್ಡಕೂಡದು. ಆ ಒತ್ತಡದ ಎಣ್ಣೆಯು ಚರ್ಮವನ್ನು ತೂರಿ ಮಾಂಸದೊಳಕ್ಕೆ ಹೋಗುವುದು. ಗಾಯವು ಸೂಜಿಯ ಮೊನೆಯಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗದಿದ್ದರೆ ಬೆರಳನ್ನೇ ಕಳೆದುಕೊಳ್ಳುವ ಸಂಭವವಿದೆ. ಇಂಜೆಕ್ಟರುಗಳು ನೆಟ್ಟಗಿದ್ದೂ ಹೊಗೆ ನಿಲ್ಲದಿದ್ದರೆ ಎಣ್ಣೆ ಸಿಡಿಯುವ ಕಾಲವು ತಡವಾಗಿದೆಯೇ ಎಂದು ನೋಡಿಸಿ, ಕೊನೆಗೆ ಸಿಲಿಂಡರುಗಳ ಒತ್ತಡವನ್ನು ಅಳೆಯಿಸಬೇಕು. ಈ ಕ್ರಮವನ್ನು ತಲೆಕೆಳಗು ಮಾಡಿ ಮೊದಲೇ ಯಂತ್ರವನ್ನು ಬಿಚ್ಚಿಸುವವರು ಹಣವನ್ನು ವ್ಯರ್ಥಮಾಡುವರು.

ತೋಟದ ಮನೆಯಲ್ಲಿ ಪೀಪಾಯಿಯಲ್ಲಿ ಎಣ್ಣೆಯನ್ನು ಕೂಡಿಡುವವರು ತಳದಲ್ಲಿ ನೀರೂ ಗಸಿಯೂ ನಿಲ್ಲುವುದೆಂಬುದನ್ನು ಮರೆಯಬಾರದು. ಪೀಪಾಯಿಯನ್ನು ಅಲುಗಿಸದೆ, ತಳದಿಂದ ನಾಲ್ಕು ಬೆರಳು ಮೇಲಿನಿಂದ ಸೆಳೆದುಕೊಳ್ಳಬೇಕು. ಸೀಮೆಎಣ್ಣೆಯ ಬೆರಕೆಯು ಪಂಪಿನ ಉಜ್ಜುವ ಭಾಗಗಳಿಗೆ ಜಿಡ್ಡು ಸಾಲದಂತೆ ಮಾಡಿ ಅವನ್ನು ಸವೆಯಿಸುವುದು. ಹೊಂಗೆಯೆಣ್ಣೆಯನ್ನು ಹಾಗೆಯೇ ಸುರಿದರೆ ವಾಸನೆ ಬದಲಾಗುವುದು ದಿಟ, ಆದರೆ ಅದು ಡೀಸೆಲ್‌ಗಿಂತ ಬಹಳ ಮಂದವಾದ್ದರಿಂದ ಇಂಜೆಕ್ಟರಿನ ಬಾಯಿಗೆ ಮಸಿ ಕಟ್ಟಿ, ತಿಂಗಳುಗಳಲ್ಲಿ ಮೊದಲಿಗಿಂತಲೂ ಕೆಟ್ಟ ಹೊಗೆಯನ್ನು ತರುವುದು. ಸಂಸ್ಕರಿಸಿ ಜೈವಿಕ ಡೀಸೆಲ್ ಮಾಡಿದ ಹೊಂಗೆಯೆಣ್ಣೆಯ ಮಾತು ಬೇರೆ.

ಹೊಗೆಕೊಳವೆಗೆ ಸೇರಿಸುವ ಆಕ್ಸಿಡೀಕರಣ ಕ್ಯಾಟಲಿಸ್ಟ್ ಎಂಬ ಸಾಧನವು ಘಾಟನ್ನು ಬಹಳವಾಗಿ ತಗ್ಗಿಸಬಲ್ಲುದು. ಗಂಧಕವು ಕಡಮೆಯಾದ ಮೇಲೆ ಅದಕ್ಕೆ ಇದ್ದ ಅಡ್ಡಿಯೂ ಕಡಮೆಯಾಗಿದೆ. ಆದರೆ ಕೊಳವೆಯು ಚೆನ್ನಾಗಿ ಕಾದಮೇಲೆಯೇ ಅದು ಕೆಲಸಮಾಡುವುದಾದ್ದರಿಂದ ಬೆಳಗಿನ ಮೊದಲ ಹೊಗೆಗೆ ಅದರಿಂದ ಪ್ರಯೋಜನವಿಲ್ಲ. ಮಸಿ ಉಗುಳುವ ರೋಗಿಷ್ಠ ಯಂತ್ರಕ್ಕೆ ಹಾಕಿದರೆ ಅದೇ ಕಟ್ಟಿಕೊಳ್ಳುವುದು.

ಎಲ್ಲವನ್ನೂ ಸರಿಪಡಿಸಿದ ಮೇಲೂ ತಣ್ಣಗಿನ ಹಳೆಯ ಯಂತ್ರವು ಒಂದೆರಡು ನಿಮಿಷ ಘಾಟನ್ನು ಬಿಡದೆ ಇರದು. ನಿಂತಲ್ಲಿಯೇ ಹತ್ತು ನಿಮಿಷ ಗುರುಗುಟ್ಟಿಸಿ ಕಾಯಿಸುವ ಅಭ್ಯಾಸವು ಯಂತ್ರವನ್ನು ಬೇಗ ಕಾಯಿಸುವುದಿಲ್ಲ, ಮನೆಯನ್ನು ಮಾತ್ರ ಹೊಗೆಯಿಂದ ತುಂಬುವುದು. ಹೊರಡಿಸಿ ಅರ್ಧ ನಿಮಿಷದೊಳಗೆ ಮೆಲ್ಲನೆ ನಡೆಸಿಕೊಂಡು ಹೋಗುವುದೇ ಲೇಸು. ಸಂಜೆ ಬಂಡಿಯನ್ನು ನಿಲ್ಲಿಸುವಾಗ ಅದರ ಮೂತಿಯನ್ನು ಕೊಟ್ಟಿಗೆಯ ಕಡೆಗೂ ಹೊಗೆಕೊಳವೆಯನ್ನು ಬೀದಿಯ ಕಡೆಗೂ ಇರಿಸಿ, ಬೆಳಿಗ್ಗೆ ಹಾಲು ಕರೆದು ಪಾತ್ರೆಯನ್ನು ಒಳಗೆ ಒಯ್ದ ಮೇಲೆ ಯಂತ್ರವನ್ನು ಹೊರಡಿಸತಕ್ಕದ್ದು.