ಬೈಕ್ ಮೇಲೆ ಆಡಿಯೊ ಕಟ್ ಆಗ್ತಿದೆಯಾ? ಪಿನ್ ಬದಲಿಸೋ ಮುಂಚೆ ನೇತಾಡೋ ವೈರ್ ನೋಡಿ

ಈ ಸಂಚಿಕೆಯನ್ನ ವೈರ್ ಇರೋ ಇಯರ್‌ಫೋನ್‌ನಲ್ಲಿ ಕೇಳ್ತಾ ಇದ್ದರೆ ಒಂದು ಸಣ್ಣ ಕೆಲಸ ಮಾಡಿ. ಫೋನಿಗೆ ಚುಚ್ಚಿರೋ ಪಿನ್ನನ್ನ ಎರಡು ಬೆರಳಲ್ಲಿ ಹಿಡಿದು ನಿಧಾನಕ್ಕೆ ತಿರುಗಿಸಿ. ಕೊರ್ರ್ ಅಂತ ಸದ್ದು ಬಂತಾ? ಒಂದು ಕಿವಿಯಲ್ಲಿ ನನ್ನ ದನಿ ಹೋಗಿ ಬಂತಾ? ಹಾಗಾದ್ರೆ ಇವತ್ತಿನ ವಿಷಯ ನಿಮಗೇ. ಈಗ ಗಾಡಿ ಮೇಲೆ ಇರೋರು ಮಾತ್ರ ಇದನ್ನ ಮಾಡಬೇಡಿ. ಯಾಕೆ ಅಂತ ಹೇಳ್ತೀನಿ.

ಕಳೆದ ಮಳೆಗಾಲ ಮುಗಿದ ಮೇಲೆ ಬೆಂಗಳೂರಿಂದ ಸಕಲೇಶಪುರಕ್ಕೆ ಒಬ್ಬನೇ ಹೊರಟಿದ್ದೆ. ನಂದು ಹಳೇ 350 ಸಿಸಿ, ಸಿಂಗಲ್ ಸಿಲಿಂಡರ್ ಗಾಡಿ. ಫೋನ್ ಹ್ಯಾಂಡಲ್ ಮೇಲಿನ ಹೋಲ್ಡರ್‌ನಲ್ಲಿ. ಅಲ್ಲಿಂದ ಒಂದು ವೈರ್ ಹೆಲ್ಮೆಟ್ ಒಳಗಿನ ಸ್ಪೀಕರ್‌ಗೆ. ಮ್ಯಾಪ್ ದಾರಿ ಹೇಳಿದ್ರೆ ಸಾಕು ಅಂತ. ಕುಣಿಗಲ್ ದಾಟುವಷ್ಟರಲ್ಲಿ ಎಡಗಿವಿಯಲ್ಲಿ ಕೊರಕೊರ ಶುರುವಾಯ್ತು. ಚನ್ನರಾಯಪಟ್ಟಣದ ಹತ್ತಿರ ಎರಡೂ ಕಿವಿ ಬಂದ್. ಎಡಗೈ ಹ್ಯಾಂಡಲ್‌ನಿಂದ ತೆಗೆದು ಪಿನ್ ಒತ್ತಿದೆ. ಸರಿಯಾಯ್ತು. ಎರಡು ನಿಮಿಷಕ್ಕೆ ಮತ್ತೆ ಹೋಯ್ತು. ಮತ್ತೆ ಒತ್ತಿದೆ. ಮೂರನೇ ಸಲ ಕಣ್ಣೂ ಪಿನ್ ಮೇಲೇ ಇತ್ತು. ತಲೆ ಎತ್ತಿದರೆ ಮುಂದಿನ ಲಾರಿಯ ಬ್ರೇಕ್ ಲೈಟ್ ಉರೀತಾ ಇದೆ. ಒಂದೇ ಕೈಯಲ್ಲಿ ಬ್ರೇಕ್ ಹಿಡಿದೆ, ಗಾಡಿ ಓಲಾಡಿ ಹೇಗೋ ನಿಂತಿತು. ಲಾರಿಯ ಹಿಂಬದಿಗೂ ನನ್ನ ಮುಂದಿನ ಚಕ್ರಕ್ಕೂ ಒಂದಾಳು ನಿಲ್ಲುವಷ್ಟು ಜಾಗ ಇತ್ತು, ಅಷ್ಟೇ.

ಹಾಸನದಲ್ಲಿ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಅಂಗಡಿ ಮುಂದೆ ಗಾಡಿ ನಿಲ್ಲಿಸಿದೆ. 'ಪಿನ್ ಹೋಗಿದೆ ಅಣ್ಣ, ಹೊಸ ವೈರ್ ಇದೆಯಾ' ಅಂದೆ. ಅವರು ವೈರ್ ಕಡೆ ನೋಡಲೇ ಇಲ್ಲ. ಸೀಟ್ ಎತ್ತಿ ಒಳಗೆ ತೋರಿಸಿದ್ರು. 'ಇಲ್ಲಿ ನೋಡಿ, ಒಂದು ವೈರಾದ್ರೂ ನೇತಾಡ್ತಾ ಇದೆಯಾ? ಎಲ್ಲಾ ಫ್ರೇಮಿಗೆ ಕಟ್ಟವ್ರೆ. ನಿಮ್ದೊಂದೇ ಜೋತು ಬಿದ್ದಿರೋದು.'

ಆ ಒಂದು ಮಾತಲ್ಲಿ ಇಡೀ ವಿಷಯ ಇದೆ. ಅದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಒಳಗೆ ಏನಾಗುತ್ತೆ?

ಸಿಂಗಲ್ ಸಿಲಿಂಡರ್ ಎಂಜಿನ್ 3000 ಆರ್‌ಪಿಎಂನಲ್ಲಿ ಓಡ್ತಿದೆ ಅಂದ್ಕೊಳ್ಳಿ. ಕ್ರ್ಯಾಂಕ್ ಸೆಕೆಂಡಿಗೆ 50 ಸುತ್ತು. ಪಿಸ್ಟನ್ ಮೇಲೆ ಕೆಳಗೆ ಹೋಗೋ ಪ್ರತಿ ಸುತ್ತಿಗೂ ಗಾಡಿಗೆ ಒಂದು ಅಲುಗಾಟ. ಗಂಟೆಗೆ ಲೆಕ್ಕ ಹಾಕಿದ್ರೆ 1,80,000 ಸಲ. ಬೆಂಗಳೂರಿಂದ ಹಾಸನ ಮುಟ್ಟೋದಕ್ಕೆ ಮೂರು ಗಂಟೆ ಹಿಡಿದರೂ ಐದು ಲಕ್ಷ ದಾಟುತ್ತೆ. ರಸ್ತೆಯ ಹಂಪ್, ಗುಂಡಿ ಇದರಲ್ಲಿ ಸೇರಿಲ್ಲ.

ಈಗ ಪಿನ್ ನೋಡಿ. ಇಯರ್‌ಫೋನ್ ಪಿನ್ನಿನ ಅಜ್ಜ ಇರೋದು 19ನೇ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ. ಆಪರೇಟರ್‌ಗಳು ದಿನವಿಡೀ ಚುಚ್ಚಿ, ಕಿತ್ತು, ಮತ್ತೆ ಚುಚ್ಚೋದಕ್ಕೆ ಮಾಡಿದ್ದು. ಅದರ ಚಿಕ್ಕ ರೂಪ 3.5 ಮಿ.ಮೀ. ಪಿನ್. 1979ರಲ್ಲಿ ಸೋನಿ ವಾಕ್‌ಮನ್ ಬಂದ ಮೇಲೆ ಅದು ಎಲ್ಲರ ಜೇಬಿಗೂ ಬಂತು. ಸುಲಭವಾಗಿ ಹೊರಗೆ ಬರೋದೇ ಅದರ ಗುಣ. ಗಾಡಿಯ ವೈರಿಂಗ್ ಕನೆಕ್ಟರ್‌ಗೆ ಇರೋ ಥರ ಲಾಕ್ ಇದಕ್ಕೆ ಇಲ್ಲ. ಒಳಗಿನ ಸಣ್ಣ ಸ್ಪ್ರಿಂಗ್ ಪಟ್ಟಿಗಳು ಒತ್ತಿ ಹಿಡ್ಕೊಂಡಿರ್ತವೆ, ಅಷ್ಟೇ. ಟೈಪ್-ಸಿ ಪೋರ್ಟ್ ಕಥೆಯೂ ಹೆಚ್ಚುಕಮ್ಮಿ ಅದೇ. ಅದಕ್ಕೆ ಒಂದು ಅಡಾಪ್ಟರ್ ಹಾಕಿ, ಅದರ ತುದಿಗೆ ವೈರ್ ಹಾಕಿದ್ರೆ ನೇತಾಡೋ ತೂಕ ಇನ್ನೂ ಜಾಸ್ತಿ.

ಆ ತೂಕ ಸನ್ನೆಕೋಲಿನ ಥರ ಪಿನ್ನನ್ನ ಮೇಲೆ ಕೆಳಗೆ ಎಳೀತಾ ಇರುತ್ತೆ. ಕೂದಲಿಗಿಂತ ಕಮ್ಮಿ ದೂರದ ಅಲುಗಾಟ, ಆದ್ರೆ ಲಕ್ಷಗಟ್ಟಲೆ ಸಲ. ಲೋಹಕ್ಕೆ ಲೋಹ ಉಜ್ಜಿ ಮೇಲಿನ ಲೇಪನ ಸವೆಯುತ್ತೆ. ಉದುರಿದ ಪುಡಿ ಗಾಳಿಗೆ ಆಕ್ಸೈಡ್ ಆಗುತ್ತೆ. ಆ ಪುಡಿ ಕರೆಂಟ್ ಹರಿಯೋಕೆ ಅಡ್ಡ. ಎಂಜಿನಿಯರುಗಳು ಇದನ್ನ ಫ್ರೆಟಿಂಗ್ ಅಂತಾರೆ. ನಮ್ಮ ಭಾಷೆಯಲ್ಲಿ ಲೂಸ್ ಕಾಂಟ್ಯಾಕ್ಟ್. ಪಿನ್ ತಿರುಗಿಸಿದಾಗ ಪುಡಿ ಪಕ್ಕಕ್ಕೆ ಸರಿಯುತ್ತೆ, ದನಿ ಬರುತ್ತೆ. ಅಲುಗಾಟ ನಿಂತಿಲ್ಲವಲ್ಲ, ಎರಡು ನಿಮಿಷಕ್ಕೆ ಮತ್ತೆ ಅದೇ ರಾಗ.

ಮೊದಲು ತೊಂದರೆ ಎಲ್ಲಿದೆ ಹುಡುಕಿ

ಗಾಡಿ ಸ್ಟ್ಯಾಂಡ್ ಹಾಕಿ ಯಾವುದಾದ್ರೂ ಮಾತಿನ ಆಡಿಯೊ ಹಚ್ಚಿ. ವೈರನ್ನ ಮೂರು ಕಡೆ ಅಲ್ಲಾಡಿಸಿ: ಪಿನ್ನಿನ ಕುತ್ತಿಗೆ, ನಡುಭಾಗ, ಹೆಲ್ಮೆಟ್ ಹತ್ತಿರ. ಕುತ್ತಿಗೆ ಬಗ್ಗಿಸಿದಾಗ ದನಿ ಹೋದರೆ ಒಳಗಿನ ತಂತಿ ತುಂಡಾಗಿರಬಹುದು. ಬೇರೆ ಫೋನಿಗೆ ಹಾಕಿ ನೋಡಿ. ಅಲ್ಲೂ ಹೋದರೆ ವೈರ್ ಬದಲಿಸೋದೇ ದಾರಿ. ಪಿನ್ ಪೂರ್ತಿ ಒಳಗೆ ಹೋಗ್ತಾ ಇಲ್ಲ ಅಂದ್ರೆ ಜಾಕ್ ಒಳಗೆ ಜೇಬಿನ ನೂಲು, ಧೂಳು ಸೇರಿರಬಹುದು. ಫೋನ್ ಆಫ್ ಮಾಡಿ, ಮರದ ಟೂತ್‌ಪಿಕ್‌ನಿಂದ ಹಗುರವಾಗಿ ತೆಗೀರಿ. ಸೂಜಿ, ಸೇಫ್ಟಿ ಪಿನ್ ಬೇಡ. ಪಿನ್ನನ್ನ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಹತ್ತಿಯಲ್ಲಿ ಒರೆಸಿ, ಒಣಗಲು ಬಿಡಿ. ಎಣ್ಣೆ ಹಚ್ಚಬೇಡಿ, ಧೂಳು ಅದಕ್ಕೇ ಬಂದು ಮೆತ್ಕೊಳ್ಳುತ್ತೆ.

ಆಮೇಲೆ ಕಟ್ಟೋ ಕೆಲಸ

ನಿಯಮ ಒಂದೇ. ಫೋನ್ ಯಾವುದರ ಮೇಲೆ ಕೂತಿದೆಯೋ, ವೈರಿನ ಮೊದಲ ಕಟ್ಟೂ ಅದಕ್ಕೇ ಬೀಳಬೇಕು. ಫೋನ್ ಹೋಲ್ಡರ್‌ನಲ್ಲಿದ್ದರೆ ಹೋಲ್ಡರ್‌ಗೇ ಕಟ್ಟಿ, ಹ್ಯಾಂಡಲ್ ರಾಡಿಗೆ ಅಲ್ಲ. ಹೋಲ್ಡರ್ ಒಂದು ಥರ, ರಾಡ್ ಇನ್ನೊಂದು ಥರ ಅಲುಗಿದ್ರೆ ಎಳೆತ ಮತ್ತೆ ಪಿನ್ನಿಗೇ ಬರುತ್ತೆ. ಪಿನ್ನಿಂದ ಮೂರ್ನಾಲ್ಕು ಸೆಂಟಿಮೀಟರ್ ದೂರದಲ್ಲಿ, ಸಣ್ಣ ಬಳುಕು ಬಿಟ್ಟು ಕಟ್ಟಿ. ಈಗ ಗಾಡಿ ಕುಣಿದ್ರೂ ಫೋನು, ಪಿನ್ನು, ವೈರು ಮೂರೂ ಒಟ್ಟಿಗೇ ಕುಣೀತವೆ. ಒಂದಕ್ಕೊಂದು ಉಜ್ಜೋದು ತುಂಬಾ ಕಮ್ಮಿಯಾಗುತ್ತೆ.

ನೇರ ಪಿನ್‌ಗಿಂತ ಎಲ್ ಆಕಾರದ ಪಿನ್ ಒಳ್ಳೇದು, ಹೊರಗೆ ಚಾಚಿರೋ ಭಾಗ ಕಮ್ಮಿ. ಕಟ್ಟೋಕೆ ವೆಲ್‌ಕ್ರೊ ಪಟ್ಟಿ ಇರಲಿ. ಕೇಬಲ್ ಟೈ ಆದ್ರೂ ಸರಿ, ವೈರ್ ಚಪ್ಪಟೆ ಆಗೋವಷ್ಟು ಬಿಗೀಬೇಡಿ. ಇನ್ಸುಲೇಷನ್ ಟೇಪ್ ಬಿಸಿಲಿಗೆ ಅಂಟಂಟಾಗಿ ಜಾರುತ್ತೆ. ಸೂಪರ್ ಗ್ಲೂ ಹಾಕಿದ್ರಂತೂ ಪಿನ್ ಜೊತೆ ಫೋನಿನ ಜಾಕ್ ಕೂಡ ಹೋಯ್ತು ಅಂತಲೇ ಲೆಕ್ಕ.

ಕಟ್ಟಿದ ಮೇಲೆ ಹ್ಯಾಂಡಲನ್ನ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಿ. ವೈರ್ ಬಿಗಿಯಾಗಬಾರದು. ಕ್ಲಚ್ ಕೇಬಲ್, ಬ್ರೇಕ್, ಆಕ್ಸಿಲರೇಟರ್ ಯಾವುದಕ್ಕೂ ಸಿಕ್ಕಬಾರದು.

ಒಂದು ಕಡೆ ಮಾತ್ರ ಬಿಗಿ ಬೇಡ

ಇದನ್ನ ಗಮನ ಇಟ್ಟು ಕೇಳಿ. ಗಾಡಿಯಿಂದ ಹೆಲ್ಮೆಟ್‌ಗೆ ಹೋಗೋ ವೈರಿನ ನಡುವೆ ಒಂದು ಜೋಡಣೆ ಸುಲಭವಾಗಿ ಬಿಚ್ಚಿಕೊಳ್ಳಲೇಬೇಕು. ಬಿದ್ದಾಗ ಗಾಡಿ ಒಂದು ಕಡೆ, ನೀವು ಒಂದು ಕಡೆ. ಆಗ ಕುತ್ತಿಗೆಗೂ ಗಾಡಿಗೂ ನಡುವೆ ಬಿಗಿಯಾದ ವೈರ್ ಇರಬಾರದು. ಅದಕ್ಕೇ ಹೆಲ್ಮೆಟ್ ಹತ್ತಿರ ನೇರ ಪಿನ್ನಿನ ಚಿಕ್ಕ ಎಕ್ಸ್‌ಟೆನ್ಷನ್ ಹಾಕಿ, ಅಲ್ಲಿ ಏನೂ ಕಟ್ಟದೆ ಬಿಡಿ. ಕೈಯಲ್ಲಿ ಮೆಲ್ಲಗೆ ಎಳೆದರೆ ಕಳಚಬೇಕು.

ಇನ್ನೂ ಸುಲಭದ ದಾರಿ ಅಂದ್ರೆ ಫೋನನ್ನ ಹ್ಯಾಂಡಲ್‌ನಿಂದ ತೆಗೆದು ಜಾಕೆಟ್ ಜೇಬಿಗೆ ಹಾಕೋದು. ಮ್ಯಾಪ್ ನೋಡೋಕಾಗಲ್ಲ, ಕೇಳಬಹುದು. ಸೀಟು, ನಮ್ಮ ಮೈ ಎರಡೂ ಎಂಜಿನ್ ನಡುಕವನ್ನ ಬಹಳಷ್ಟು ನುಂಗಿಬಿಡ್ತವೆ. ಫೋನಿಗೂ ಇದು ಒಳ್ಳೇದು. ದೊಡ್ಡ ಬೈಕ್ ಎಂಜಿನ್‌ಗಳ ಕಂಪನದಿಂದ ಐಫೋನ್ ಕ್ಯಾಮೆರಾ ಕೆಡಬಹುದು ಅಂತ 2021ರಲ್ಲಿ ಆ್ಯಪಲ್ ಕಂಪನಿಯೇ ಎಚ್ಚರಿಸಿತ್ತು.

'ಬ್ಲೂಟೂತ್ ಇರುವಾಗ ಇದೆಲ್ಲಾ ಯಾಕೆ?' ಅಂತ ಕೇಳಬಹುದು. ಹೆಲ್ಮೆಟ್‌ನ ಬ್ಲೂಟೂತ್ ಸೆಟ್ ಬಿಚ್ಚಿ ನೋಡಿ. ಯೂನಿಟ್‌ನಿಂದ ಸ್ಪೀಕರ್‌ಗೆ, ಮೈಕ್‌ಗೆ ಹೋಗೋದು ವೈರೇ. ಓಡ್ತಾ ಫೋನ್ ಚಾರ್ಜ್ ಮಾಡೋದೂ ವೈರಿಂದಲೇ. ಅಲ್ಲೂ ಇದೇ ನಿಯಮ.

ಇನ್ನೊಂದು ವಿಷಯ. 2019ರ ತಿದ್ದುಪಡಿ ಆದ ಮೇಲೆ, ಓಡಿಸುವಾಗ ಕೈಯಲ್ಲಿ ಹಿಡಿದ ಫೋನ್ ಬಳಸೋದು ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಕೆಳಗೆ ಅಪಾಯಕಾರಿ ಚಾಲನೆಗೆ ಸೇರುತ್ತೆ. ಕಾನೂನು ಹಾಗಿರಲಿ, ಹಿಂದಿನ ಬಸ್ಸಿನ ಹಾರ್ನ್ ಕೇಳಿಸಬೇಕಲ್ವಾ? ದಾರಿ ಹೇಳೋ ದನಿ ಮಾತ್ರ, ಅದೂ ಕಮ್ಮಿ ವಾಲ್ಯೂಮ್‌ನಲ್ಲಿ ಇರಲಿ. ಈ ಪಾಡ್‌ಕಾಸ್ಟ್ ಕೂಡ ಮನೆಗೆ ಹೋಗಿ ಕೇಳಿದ್ರೆ ನನಗೇನೂ ಬೇಜಾರಿಲ್ಲ.

ಹಾಸನದ ಆ ಅಣ್ಣ ಹೊಸ ವೈರ್ ಮಾರಲಿಲ್ಲ. ಹಳೇದನ್ನೇ ಒರೆಸಿ, ಹೋಲ್ಡರ್‌ಗೆ ಒಂದು ಪಟ್ಟಿ ಸುತ್ತಿ ಕೊಟ್ರು. ದುಡ್ಡು ಕೇಳಿದ್ರೆ ಟೀ ಕುಡಿಸಿ ಅಂದ್ರು. ಸಕಲೇಶಪುರದವರೆಗೆ ಒಂದು ಸಲವೂ ದನಿ ಹೋಗಲಿಲ್ಲ. ಇಷ್ಟೆಲ್ಲಾ ಮಾಡಿದ ಮೇಲೂ ನಿಮ್ಮದು ದಾರಿ ಮಧ್ಯೆ ಕೈಕೊಟ್ಟರೆ ಪಿನ್ ಮುಟ್ಟೋಕೆ ಹೋಗಬೇಡಿ. ಇಂಡಿಕೇಟರ್ ಹಾಕಿ, ಪಕ್ಕಕ್ಕೆ ನಿಲ್ಲಿಸಿ, ಆಮೇಲೆ ನೋಡಿ. ಮ್ಯಾಪ್ ಹೇಳಿದ ತಿರುವು ತಪ್ಪಿದ್ರೆ ಮುಂದೆ ಯು-ಟರ್ನ್ ಸಿಗುತ್ತೆ.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ಹುಷಾರಾಗಿ ಓಡಿಸಿ.