ಕೊಡಲಿಯ ಕಾವಿಗೆ ಅಗಸೆಯೆಣ್ಣೆ

ಕಟಕೋಳ ಸೀಮೆಯ ಎರೆಹೊಲಗಳಲ್ಲಿ ವರ್ಷಾನುವರ್ಷ ಬಿಸಿಲು, ಬೆವರು, ಮಣ್ಣುಗಳ ಸಂಪರ್ಕದಿಂದ ಒರಟಾಗಿ, ಎಳೆಯೆದ್ದು, ಅಂಗೈಗೆ ಸಿಬಿರು ಚುಚ್ಚುವ ಕೊಡಲಿಯ ಕಾವನ್ನು ಸವೆದುಹೋಯಿತೆಂದು ಎಸೆಯುವ ಮೊದಲು, ವೀಕ್ಷಕರೇ, ಅದಕ್ಕೆ ನವಚೈತನ್ಯವನ್ನೀಯುವ ದ್ರವ್ಯವು ಎರೆನೆಲದಲ್ಲಿಯೇ ಬೆಳೆಯುವ ಅಗಸೆಯ ಬೀಜದಲ್ಲಿ ಅಡಗಿದೆಯೆಂಬುದನ್ನು ನೆನೆಯಿರಿ.

ಮೊದಲು ಬಿರುಕನ್ನು ಪರೀಕ್ಷಿಸಿರಿ. ಸೀಳಿದ ಕಾವು ದುರಸ್ತಿಗೆ ಯೋಗ್ಯವಲ್ಲ, ಹೊಸ ಜಾಲಿಯ ಕಾವನ್ನೇ ಹಾಕಿಸತಕ್ಕದ್ದು. ಬಿರುಕಿಲ್ಲದಿದ್ದರೆ ಒದ್ದೆಬಟ್ಟೆಯಿಂದ ಒರೆಸಿ, ಪೂರ್ಣವಾಗಿ ಒಣಗಿದ ಮೇಲೆ ಪಾಲೀಶ್ ಪೇಪರಿನಿಂದ ಮರದ ಎಳೆಯ ದಿಕ್ಕಿನಲ್ಲಿಯೇ ಉಜ್ಜಿ, ಅಗಸೆಯೆಣ್ಣೆಯನ್ನು ತೆಳುವಾಗಿ ತಿಕ್ಕಿ, ಮರವು ಹೀರದೆ ಉಳಿದುದನ್ನು ಅರ್ಧ ಗಂಟೆಯ ತರುವಾಯ ಒರೆಸಿ ತೆಗೆಯಿರಿ. ಶೇಂಗಾ ಎಣ್ಣೆಯು ಒಣಗದೆ ಜಿಡ್ಡಾಗಿಯೇ ಉಳಿಯುವುದು. ಅಗಸೆಯೆಣ್ಣೆಯಾದರೋ ಗಾಳಿಯ ಆಮ್ಲಜನಕದೊಡನೆ ಸಂಯೋಗಗೊಂಡು, ದಿನ ಕಳೆದಂತೆ ಮರದೊಳಗೇ ಗಟ್ಟಿಯಾಗುವುದು. ಉಕ್ಕಿನ ದಂಡಗಳು ಬರುವ ಪೂರ್ವದಲ್ಲಿ ಗಾಲ್ಫ್ ಆಟದ ಹಿಕ್ಕರಿ ಮರದ ಕೋಲುಗಳನ್ನು ಕಾಪಾಡಿದುದೂ ಇದೇ ತೈಲವು.

ಎಣ್ಣೆಯಲ್ಲಿ ತೊಯ್ದ ಬಟ್ಟೆಯನ್ನು ಮಾತ್ರ ಮುದ್ದೆಮಾಡಿ ಮೂಲೆಗೆ ಎಸೆಯಬೇಡಿರಿ. ಎಣ್ಣೆಯು ಆಮ್ಲಜನಕದೊಡನೆ ಸಂಯೋಗಗೊಳ್ಳುವಾಗ ಹುಟ್ಟುವ ಶಾಖವು ಮಡಿಕೆಗಳೊಳಗೆ ಸಂಚಯವಾಗಿ ಬಟ್ಟೆಗೆ ತಾನಾಗಿಯೇ ಬೆಂಕಿ ಹತ್ತಬಹುದು. ಅದನ್ನು ಬಯಲಿನಲ್ಲಿ ಹರಡಿ ಒಣಗಿಸಿರಿ.