ಕಬ್ಬಿಣದ ಕಣಕ್ಕೊಂದು ಕವಚ

ಮಳೆಗಾಲದಲ್ಲಿ ತುಂಗಭದ್ರೆಯು ಕೆಂಪಾಗಿ ಹರಿಯುವಾಗ ಹೊನ್ನಾಳಿಯ ಬಳಿ ಒಂದು ಚೊಂಬು ನೀರನ್ನು ತುಂಬಿಟ್ಟು ನೋಡಿರಿ. ಮರಳು ಬೇಗನೆ ತಳ ಸೇರುತ್ತದೆ. ನಯವಾದ ಜೇಡಿಯಾದರೋ ಬಹಳ ಹೊತ್ತು ನೀರಿನಲ್ಲಿಯೇ ತೇಲಾಡುತ್ತದೆ. ನ್ಯಾಮತಿಯ ಹಳ್ಳದಲ್ಲಿಯೂ ಚನ್ನಗಿರಿಯ ಸೂಳೆಕೆರೆಯಲ್ಲಿಯೂ ಹೂಳು ಕೂಡುವುದು ಇದೇ ನಿಯಮದಿಂದ. ಕಣವು ದೊಡ್ಡದಾದಷ್ಟೂ, ದ್ರವಕ್ಕಿಂತ ಸಾಂದ್ರವಾದಷ್ಟೂ ಬೇಗ ಮುಳುಗುತ್ತದೆ. ಈ ನಿಯಮವು ಒಂದು ವಿಚಿತ್ರ ದ್ರವಕ್ಕೆ ಶತ್ರುವಾಗಿ ಪರಿಣಮಿಸಿದೆ.

ಎಣ್ಣೆಯಲ್ಲಿ ಕಬ್ಬಿಣದ ಅತಿ ಸೂಕ್ಷ್ಮವಾದ ಪುಡಿಯನ್ನು ಕಲಸಿ ಕಾಂತಕ್ಷೇತ್ರದಲ್ಲಿಟ್ಟರೆ, ಕಣಗಳು ಸರಪಣಿಗಳಂತೆ ಜೋಡಣೆಗೊಂಡು, ಕೆಲವೇ ಮಿಲಿಸೆಕೆಂಡುಗಳಲ್ಲಿ ದ್ರವವು ಗಟ್ಟಿಯಾಗುತ್ತದೆ. ಕ್ಷೇತ್ರವನ್ನು ತೆಗೆದೊಡನೆ ಮತ್ತೆ ಹರಿಯುತ್ತದೆ. ಇದಕ್ಕೆ ಮ್ಯಾಗ್ನೆಟೊರಿಯಾಲಜಿಕಲ್, ಚಿಕ್ಕದಾಗಿ ಎಂ.ಆರ್. ದ್ರವವೆಂದು ಹೆಸರು. ಅಮೆರಿಕದ ಜೇಕಬ್ ರಾಬಿನೋ 1948ರಲ್ಲಿ ಇದನ್ನು ಕಂಡುಹಿಡಿದನು. 2002ರಲ್ಲಿ ಕ್ಯಾಡಿಲಾಕ್ ಕಾರಿನ ಶಾಕ್ ಅಬ್ಸಾರ್ಬರುಗಳಲ್ಲಿ ಇದು ಬಳಕೆಗೆ ಬಂದಿತು. ನಮ್ಮ ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಲ್ಲಿಯೂ ಇಂಥ ಸಾಧನಗಳ ಸಂಶೋಧನೆ ನಡೆದಿದೆ.

ಆದರೆ ಕಬ್ಬಿಣವು ಎಣ್ಣೆಗಿಂತ ಎಂಟೊಂಬತ್ತು ಪಟ್ಟು ಸಾಂದ್ರವಾದುದು. ನೀರಿಗಿಂತ 100 ಪಟ್ಟು ಸ್ನಿಗ್ಧವಾದ ಎಣ್ಣೆಯಲ್ಲಿ 5 ಮೈಕ್ರಾನ್ ವ್ಯಾಸದ ಒಂಟಿ ಕಣವೂ ದಿನಕ್ಕೆ ಸುಮಾರು 8 ಸೆಂಟಿಮೀಟರ್ ಇಳಿಯುತ್ತದೆ. ಕಣಗಳು ಪರಸ್ಪರ ಅಂಟಿ ಗಂಟಾದರಂತೂ ಕೇಡು ಹೆಚ್ಚು: ಗಂಟಿನ ಅಗಲ ಇಮ್ಮಡಿಸಿದರೆ ವೇಗವು ಹೆಚ್ಚುಕಡಿಮೆ ನಾಲ್ಮಡಿಯಾಗುತ್ತದೆ. ತಳದಲ್ಲಿ ಗಟ್ಟಿಯಾಗಿ ಕುಳಿತ ಗಷ್ಟು ಅಲುಗಾಡಿಸಿದರೂ ಕರಗದು. ಸಾಧನವು ಕೆಲಸಕ್ಕೆ ಬಾರದು.

ಇದಕ್ಕೆ ಉಪಾಯವೇನು? ಚಪಾತಿಯ ಉಂಡೆಗಳು ಅಂಟದಿರಲೆಂದು ನಾವು ಒಣಹಿಟ್ಟು ಸವರುತ್ತೇವಲ್ಲವೆ? ಹಾಗೆಯೇ ಪ್ರತಿಯೊಂದು ಕಣಕ್ಕೂ ಪಾಲಿಮರಿನ ತೆಳುವಾದ ಕವಚವನ್ನು ತೊಡಿಸುತ್ತಾರೆ. ಪಾಲಿಸ್ಟೈರೀನ್ ಮೊದಲಾದವುಗಳು ಇದಕ್ಕೆ ಒದಗಿವೆ. ಜಗಳೂರಿನಂಥ ಮಳೆ ಕಡಮೆಯಾದ ಸೀಮೆಯಲ್ಲಿಯೂ ಬೆಳೆಯಬಲ್ಲ ಚವಳಿಕಾಯಿಯ, ಅಂದರೆ ಗೋರಿಕಾಯಿಯ, ಬೀಜದಿಂದ ದೊರೆಯುವ ಗೋಂದೂ ಒಂದು ನೈಸರ್ಗಿಕ ಪಾಲಿಮರು; ಅದನ್ನು ಲೇಪಿಸಿದ ಕಣಗಳನ್ನೂ ವಿಜ್ಞಾನಿಗಳು ಪರೀಕ್ಷಿಸಿದ್ದಾರೆ.

ಕವಚವು ಕಬ್ಬಿಣವನ್ನು ಹಗುರಾಗಿಸಿ ತೇಲಿಸುತ್ತದೆಯೆಂದು ಭಾವಿಸಬಾರದು. ಅದರ ದಪ್ಪವು ಒಂದು ಮೈಕ್ರಾನಿನ ಹತ್ತರಲ್ಲೊಂದು ಭಾಗವಾದರೆ ಒಂಟಿ ಕಣದ ವೇಗವು ಹೆಚ್ಚೇನೂ ತಗ್ಗದು. ಲಾಭವಿರುವುದು ಬೇರೆಡೆ: ಕಣಗಳು ಮೈಗೆ ಮೈ ತಾಗಿಸಲಾರವು, ಗಂಟಾಗಲಾರವು, ತಳ ಸೇರಿದರೂ ಕಲಕಿದೊಡನೆ ಮತ್ತೆ ಬೇರ್ಪಡುತ್ತವೆ. ತುಕ್ಕಿನಿಂದಲೂ ರಕ್ಷಣೆ ದೊರೆಯುತ್ತದೆ.

ಆದರೆ ಕವಚಕ್ಕೆ ಕಾಂತಗುಣವಿಲ್ಲ. ಅದು ದಪ್ಪವಾದಷ್ಟೂ ಕಬ್ಬಿಣದ ಕಣಗಳು ಪರಸ್ಪರ ದೂರ ಉಳಿದು ಸರಪಣಿಯ ಬಲ ಕುಂದುತ್ತದೆ. ಅಂಟದಷ್ಟು ದೂರ, ಅಗಲದಷ್ಟು ಹತ್ತಿರ: ಈ ಹದವನ್ನು ಸಾಧಿಸುವುದರಲ್ಲಿಯೇ ಎಂ.ಆರ್. ದ್ರವದ ಬಾಳಿಕೆ ಅಡಗಿದೆ.